ಟ್ರ್ಯಾಕ್ಟರ್ ಮೇಲೆ ಕಲಿತ ಡ್ರಮ್

ಮೊದಲೇ ಹೇಳಿಬಿಡುತ್ತೇನೆ, ನನಗೆ ತಾಳಜ್ಞಾನವಿಲ್ಲ ಎಂದು ಇಲ್ಲಿಯತನಕ ಯಾರೂ ಹೇಳಿಲ್ಲ. ಶಿರಗುಪ್ಪಿಯ ಸೋಮವಾರದ ಭಜನೆಯಲ್ಲಿ ಎಷ್ಟೋ ವರ್ಷಗಳಿಂದ ಢೋಲಕಿ ನನ್ನದೇ. ಊರಲ್ಲಿ ಬೇರೆ ಯಾರಿಗೂ ಢೋಲಕಿ ಬಾರಿಸಲು ಬರುವುದಿಲ್ಲ ಎಂಬುದೂ ಇದಕ್ಕೆ ಕಾರಣವಿರಬಹುದು. ಅದು ಬೇರೆ ಮಾತು.

ಆದ್ದರಿಂದ ಪೂಜಾಳ ಹಳದಿ ಕಾರ್ಯಕ್ರಮಕ್ಕೆ ಡ್ರಮ್ ಬಾರಿಸುವವನೇ ಇಲ್ಲ ಎಂಬ ಸುದ್ದಿ ಬಂದಾಗ ಮನೆಯವರೆಲ್ಲ ತಲೆಯ ಮೇಲೆ ಕೈ ಹೊತ್ತು ಕೂತರೂ ನಾನೊಬ್ಬ ಸಮಾಧಾನವಾಗಿ ಚಹಾ ಕುಡಿಯುತ್ತಿದ್ದೆ. ಪೂಜಾ ಎಂದರೆ ನನ್ನ ಹೆಂಡತಿ ಶೈಲಾಳ ಅಕ್ಕನ ಮಗಳು, ಅಥಣಿಯವಳು. ಮೊದಲೆಲ್ಲ ಹಳದಿ ಎಂದರೆ ಮದುವೆಯ ಹಿಂದಿನ ದಿನ ಹುಡುಗಿಗೆ ಅರಿಷಿಣ ಹಚ್ಚಿ, ನಾಲ್ಕು ಮುತ್ತೈದೆಯರು ಹಾಡಿ, ಆರತಿ ಮಾಡಿ ಎದ್ದುಬಿಡುತ್ತಿದ್ದರು. ಈಗ ಹಾಗಲ್ಲ. ಹಳದಿ ಸೀರೆ, ಹಳದಿ ಪೆಂಡಾಲು, ಹಳದಿ ಶರಬತ್ತು, ಜೊತೆಗೆ ಆರ್ಕೆಸ್ಟ್ರಾ. ಆರ್ಕೆಸ್ಟ್ರಾ ಇಲ್ಲದಿದ್ದರೆ ಬೀಗರು ಮುಖ ಗಂಟು ಹಾಕುತ್ತಾರೆ. ಶೈಲಾಳ ಅಕ್ಕ ಕುಡಚಿಯ ರಫೀಕನ ತಂಡಕ್ಕೆ ಹೇಳಿದ್ದಳು. ರಫೀಕ್ ತಾನೇ ಕೀಬೋರ್ಡ್ ನುಡಿಸಿ ತಾನೇ ಹಾಡುತ್ತಾನೆ. ಅವನ ಡ್ರಮ್ಮಿನವನು ಬೈಕಿನಿಂದ ಜಾರಿ ಬಿದ್ದು ಕೈ ಮುರಿದುಕೊಂಡಿದ್ದ. ಮದುವೆಗೆ ಉಳಿದದ್ದು ಒಂದೇ ವಾರ.

"ಅದಕ್ಯಾಕ ಚಿಂತಿ? ನಾ ಇಲ್ಲೇನು?" ಎಂದೆ.

ಶೈಲಾಳ ಮುಖದ ಚಿಂತೆ ಮಾತ್ರ ಇಳಿಯಲಿಲ್ಲ. ಅದಕ್ಕೆ ಕಾರಣವಿತ್ತು. ಅವಳು ಅಂಗನವಾಡಿ ಟೀಚರ್. ದನಿ ಬಂಗಾರದಂಥದ್ದು. ಆದರೆ ಇಡೀ ಒಂದು ಹಾಡನ್ನು ನೆಟ್ಟಗೆ ಹಾಡಿ ಮುಗಿಸುವ ಯೋಗ ಅವಳಿಗೆ ಯಾವತ್ತೂ ಬಂದಿರಲಿಲ್ಲ. ಅಂಗನವಾಡಿಯಲ್ಲಿ ಹಾಡು ಹಿಡಿದರೆ ಯಾವುದಾದರೂ ಕೂಸು ಒಂದಕ್ಕೆ ಎನ್ನುತ್ತದೆ. ಮನೆಯಲ್ಲಿ ಹಿಡಿದರೆ ಕುಕ್ಕರ್ ಕೂಗುತ್ತದೆ, ಕುಕ್ಕರ್ ಕೂಗದಿದ್ದರೆ ನಾನು ಕೂಗುತ್ತೇನೆ. ತವರು ಬಿಟ್ಟು ಹೋಗುವ ಮಗಳ ಬಗ್ಗೆ ಅವಳದೊಂದು ಅಚ್ಚುಮೆಚ್ಚಿನ ಹಳೆಯ ಹಾಡಿದೆ. ಅದಕ್ಕೆ ಮೂರು ನುಡಿ. ಮೂರನೇ ನುಡಿಯಲ್ಲೇ ಹಾಡಿನ ಜೀವ ಇರುವುದು ಎಂದು ಶೈಲಾ ಯಾವಾಗಲೂ ಹೇಳುತ್ತಾಳೆ. ಅವಳು ಹೇಳುವುದನ್ನು ಕೇಳಿದ್ದೇನೆಯೇ ಹೊರತು ಆ ನುಡಿಯನ್ನು ನಾನು ಕೇಳಿರಲಿಲ್ಲ. ಈ ಸಲ ಪೂಜಾ ತಾನಾಗಿಯೇ ಚಿಕ್ಕಮ್ಮನಿಗೆ ಫೋನ್ ಮಾಡಿ, ಮಾವಶಿ, ನನ್ನ ಹಳದಿಗೆ ಆ ಹಾಡನ್ನು ನೀನು ಸ್ಟೇಜಿನ ಮೇಲೆ ನಿಂತು ಪೂರ್ತಿ ಹಾಡಲೇಬೇಕು ಎಂದು ಹಟ ಹಿಡಿದಿದ್ದಳು. ಅವತ್ತಿನಿಂದ ಶೈಲಾ ರೊಟ್ಟಿ ಬಡಿಯುವಾಗಲೂ ಗುನುಗುತ್ತಿದ್ದಳು.

"ನೀವು ಬಾರಸ್ರಿ, ನಾ ಬ್ಯಾಡ ಅನ್ನೂದಿಲ್ಲ. ಆದ್ರ ನನ್ನ ಹಾಡು ಒಂದು ಪೂರಾ ಆಗ್ಲಿ. ಅಷ್ಟ ನಾ ಕೇಳೂದು," ಎಂದಳು.

"ನಾ ಇರೂತನಾ ನಿನ್ನ ಹಾಡಿಗೆ ಯಾರು ಕೈ ಹಚ್ತಾರ?" ಎಂದು ನಾನು ಅಭಯ ಕೊಟ್ಟೆ.

ರಫೀಕ್ ಫೋನಿನಲ್ಲಿ, ಸಾಹೇಬ್ರ, ಢೋಲಕಿ ಬೇರೆ, ಡ್ರಮ್ ಬೇರೆ, ಡ್ರಮ್ಮಿಗೆ ಕಾಲೂ ಬೇಕಾಗುತ್ತದೆ ಎಂದು ಹಿಂದೆಮುಂದೆ ನೋಡಿದ. ಹುಟ್ಟಿದಾಗಿನಿಂದ ನನಗೆ ಎರಡು ಕಾಲಿವೆ ಎಂದು ತಿಳಿಸಿದೆ. ಅವನಿಗೂ ಬೇರೆ ಗತಿ ಇರಲಿಲ್ಲ. ಇಪ್ಪತ್ತಕ್ಕೂ ಹೆಚ್ಚು ಹಾಡುಗಳ ಹೆಸರು ಮೊಬೈಲಿಗೆ ಬಂದವು. ಅರ್ಧ ಕನ್ನಡ, ಅರ್ಧ ಮರಾಠಿ.

ಅಂದೇ ಸಂಜೆ ಅಡಿಗೆ ಮನೆಯಲ್ಲಿ ಸಾಧನೆ ಆರಂಭವಾಯಿತು. ಎಡಕ್ಕೆ ಜೋಳದ ಹಿಟ್ಟಿನ ಡಬ್ಬಿ, ಬಲಕ್ಕೆ ಚುರಮುರಿ ಡಬ್ಬಿ. ಝಾಂಜಿನ ಕಂಚಿನ ತಟ್ಟೆಯ ಬದಲು ಪಾತೇಲಿಯ ಮುಚ್ಚಳವನ್ನು ಹಗ್ಗಕ್ಕೆ ತೂಗುಬಿಟ್ಟೆ. ಬಲಗಾಲಿಗೆ ಎಣ್ಣೆಯ ಖಾಲಿ ಡಬ್ಬಿ. ಒಂದು ಕೈಯಲ್ಲಿ ಲಟ್ಟಣಿಗೆ, ಇನ್ನೊಂದರಲ್ಲಿ ಸೌಟು. ಆಗ ಗೊತ್ತಾಯಿತು, ನನ್ನ ಕೈಗೂ ಕಾಲಿಗೂ ಮಾತುಕತೆಯೇ ಇಲ್ಲ ಎಂದು. ಕೈ ನಡೆದರೆ ಕಾಲು ನಿಲ್ಲುತ್ತಿತ್ತು. ಕಾಲು ನಡೆದರೆ ಕೈ ನಿಂತು ನಾಲಿಗೆ ಹೊರಗೆ ಬರುತ್ತಿತ್ತು! ಎಲ್ಲವನ್ನೂ ಒಟ್ಟಿಗೆ ನಡೆಸಲು ಜೋರು ಮಾಡಿದಾಗ ಹಿಟ್ಟಿನ ಡಬ್ಬಿ ಕವುಚಿ ಬಿತ್ತು. ವಾರದ ರೊಟ್ಟಿಯ ಹಿಟ್ಟೆಲ್ಲ ನನ್ನ ಮಡಿಲಲ್ಲಿತ್ತು. ಶೈಲಾ ಬಂದು ಲಟ್ಟಣಿಗೆಯನ್ನು ನನ್ನ ಕೈಯಿಂದ ತೆಗೆದುಕೊಂಡಳು. ಲಟ್ಟಣಿಗೆ ಹಿಡಿದ ಹೆಂಡತಿಯ ಎದುರು ಸಾಧನೆ ಮುಂದುವರಿಸುವುದು ಕ್ಷೇಮವಲ್ಲ ಎಂದು ನಾನೇ ಹೊರಗೆ ಬಂದೆ.

ಮನೆಯಲ್ಲಿ ಜಾಗ ಇಲ್ಲದಿದ್ದರೇನು, ಕಾರ್ಖಾನೆ ಇದೆಯಲ್ಲ. ನಾನು ಸಕ್ಕರೆ ಕಾರ್ಖಾನೆಯೊಂದರ ತೂಕದ ಕಾಟಾದಲ್ಲಿ ಕ್ಲರ್ಕು. ಹಂಗಾಮಿನಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ಗೇಟಿನಿಂದ ರಸ್ತೆಯತನಕ ಸಾಲುಗಟ್ಟಿ ನಿಂತಿರುತ್ತವೆ. ಒಂದೊಂದು ಟ್ರ್ಯಾಕ್ಟರಿನ ಮೇಲೂ ಮನೆ ನಡುಗಿಸುವ ಸ್ಪೀಕರು. ಕಬ್ಬು ಎಷ್ಟು ತಂದ ಎಂಬುದಕ್ಕಿಂತ ಸ್ಪೀಕರ್ ಎಷ್ಟು ಜೋರು ಎಂಬುದರ ಮೇಲೆ ಇಲ್ಲಿ ಡ್ರೈವರನ ಮಾನ ನಿಂತಿದೆ. ಅವರಲ್ಲಿ ಬಾಳು ಎಂಬ ಡ್ರೈವರ್ ನನಗೆ ಬೇಕಾದವನು. ಹಾಡಿನ ಹೆಸರುಗಳನ್ನು ಅವನಿಗೆ ತೋರಿಸಿದೆ.

"ಸಾಹೇಬ್ರ, ಇವೆಲ್ಲಾ ನನ್ನ ಪೆನ್‌ಡ್ರೈವ್‌ನ್ಯಾಗ ಅದಾವ. ಒಂದರ ಬೆನ್ನಿಗೆ ಒಂದು. ನಡುವ ಎಲ್ಲೂ ನಿಲ್ಲೂದ ಇಲ್ಲ," ಎಂದ ಬಾಳು.

ನಮ್ಮ ಗಡಿ ಸೀಮೆಯಲ್ಲಿ ಮದುವೆಯಲ್ಲಿ ಕುಣಿಯುವ ಹಾಡೂ ಟ್ರ್ಯಾಕ್ಟರಿನಲ್ಲಿ ಕೇಳುವ ಹಾಡೂ ಒಂದೇ. ಅವನ ಪೆನ್‌ಡ್ರೈವ್ ಹಾಕಿ ಕೇಳಿದೆ. ಯಾರೋ ಪುಣ್ಯಾತ್ಮ ಹಾಡುಗಳನ್ನೆಲ್ಲ ಡಿಜೆ ಮಾಡಿ ಒಂದಕ್ಕೊಂದು ಪೋಣಿಸಿದ್ದ. ಪಲ್ಲವಿ ಬರುತ್ತದೆ, ಒಂದು ನುಡಿ ಬರುತ್ತದೆ, ಗುಡುಗುಡು ಎಂದು ಡ್ರಮ್ ಉರುಳುತ್ತದೆ, ಮುಂದಿನ ಹಾಡು ಶುರು. ಶೈಲಾಳ ತವರಿನ ಹಾಡೂ ಅದರಲ್ಲಿತ್ತು. ನಮ್ಮ ಕಡೆ ಅಳಿಸುವ ಹಾಡಿಗೂ ಡಿಜೆ ಹಾಕದೆ ಬಿಡುವುದಿಲ್ಲ. ನನಗೆ ಪರಮಾನಂದವಾಯಿತು. ಹಾಡಿನ ಸಾರವೆಲ್ಲ ಇಲ್ಲಿದೆ, ಉಳಿದ ನುಡಿಗಳಲ್ಲಿ ಬರುವುದೂ ಇದೇ ತಾನೇ ಎಂದು ತೀರ್ಮಾನಿಸಿದೆ. ಅಸಲು ಹಾಡುಗಳನ್ನು ಒಮ್ಮೆಯಾದರೂ ಕೇಳಬೇಕೆಂದು ನನಗೆ ಹೊಳೆಯಲೇ ಇಲ್ಲ. ಹೊಳೆದಿದ್ದರೆ ಈ ಬರಹವೂ ಇರುತ್ತಿರಲಿಲ್ಲ.

ಡ್ಯೂಟಿ ಮುಗಿದ ಮೇಲೆ ದಿನಾಲೂ ಬಾಳುವಿನ ಟ್ರ್ಯಾಕ್ಟರ್ ಹತ್ತಿ ಕೂತೆ. ಎರಡು ಕಡೆಯ ಮಡ್‌ಗಾರ್ಡು ಎರಡು ಡ್ರಮ್ಮಾದವು, ಬ್ರೇಕು ಪೆಡಲಾಯಿತು. ಕಬ್ಬಿನ ತುಂಡು ಎರಡು ಕೈಯಲ್ಲಿ. ಮುರಿದರೆ ತಿಂದುಬಿಡುತ್ತಿದ್ದೆ, ಹೊಸ ತುಂಡಿಗೇನು ಕೊರತೆ? ಸಾಲಿನಲ್ಲಿ ಕಾದು ಬೇಸತ್ತ ಡ್ರೈವರುಗಳು ಸುತ್ತ ನೆರೆದು ಕುಣಿಯತೊಡಗಿದರು. ಕೈಗೂ ಕಾಲಿಗೂ ರಾಜಿಯಾಯಿತು. ವಾರ ಮುಗಿಯುವುದರೊಳಗೆ ಪೆನ್‌ಡ್ರೈವ್ ನನಗೆ ಬಾಯಿಪಾಠ. ನಿದ್ದೆಯಲ್ಲಿ ಎಬ್ಬಿಸಿ ಯಾವ ಹಾಡಾದ ಮೇಲೆ ಯಾವುದು ಎಂದು ಕೇಳಿದರೂ ಬಾರಿಸಿ ತೋರಿಸುತ್ತಿದ್ದೆ. ರಫೀಕನಿಗೆ ಫೋನ್ ಮಾಡಿ, ಹಾಡುಗಳನ್ನು ಇದೇ ಸರದಿಯಲ್ಲಿ ಇಟ್ಟುಕೋ, ಜನಕ್ಕೆ ಇದೇ ಸೇರುತ್ತದೆ ಎಂದು ಬೇರೆ ಹೇಳಿದೆ. ಹಳೆಯ ಅನುಭವಸ್ಥ ಎಂದು ಅವನೂ ಒಪ್ಪಿದ.

ಹಳದಿಯ ಮುನ್ನಾದಿನ ಕುಡಚಿಯಲ್ಲಿ ತಾಲೀಮು. ಶೈಲಾ ಆಗಲೇ ಅಕ್ಕನ ಮನೆಗೆ ಉಂಡಿ ಕಟ್ಟಲು ಹೋಗಿದ್ದಳು. ರಫೀಕನಿಗೆ ಬೇರೆ ಕಾರ್ಯಕ್ರಮದ ಗಡಿಬಿಡಿ, ಎಲ್ಲಾ ಹಾಡಿನ ಪಲ್ಲವಿ ಅಷ್ಟೇ ನೋಡಿಕೊಳ್ಳೋಣ ಎಂದ. ಪಲ್ಲವಿ ಅಷ್ಟೇ ಆದರೆ ನನ್ನನ್ನು ಹಿಡಿಯುವವರು ಯಾರು? ಒಂದು ಏಟು ಆಚೀಚೆ ಆಗಲಿಲ್ಲ. ತವರಿನ ಹಾಡಿಗೆ ಸ್ವಲ್ಪ ಹಗುರ ಬಾರಿಸಿ ಎಂದ, ಅದನ್ನೂ ಮಾಡಿ ತೋರಿಸಿದೆ. ರಫೀಕ್ ನನ್ನ ಕೈ ಹಿಡಿದು, "ಸಾಹೇಬ್ರ, ಒಂದ ವಾರದಾಗ ಹಿಂಗ ಕಲಿತವರನ್ನ ನಾ ನೋಡಿಲ್ರಿ," ಎಂದ. ಅದೊಂದು ಮಾತಿನಲ್ಲಿ ಸುಳ್ಳಿರಲಿಲ್ಲ.

ಅಥಣಿಯ ಮಂಗಲ ಕಾರ್ಯಾಲಯದಲ್ಲಿ ಸಂಜೆ ಕಾರ್ಯಕ್ರಮ. ಬೀಗರು ಮುಂದಿನ ಕುರ್ಚಿಗಳಲ್ಲಿ ಠೀವಿಯಿಂದ ಕೂತಿದ್ದರು. ಹಳದಿ ಜುಬ್ಬಾ ತೊಟ್ಟು ನಾನು ಡ್ರಮ್ಮುಗಳ ನಡುವೆ ವಿರಾಜಮಾನನಾದೆ. ಗಣಪತಿಯ ಹಾಡಿನಿಂದ ಶುರು. ಪಲ್ಲವಿ ಆಯಿತು, ಒಂದು ನುಡಿ ಆಯಿತು. ರಫೀಕ್ ಎರಡನೇ ನುಡಿಗೆ ಉಸಿರೆಳೆದುಕೊಂಡ. ನನ್ನ ಕೈ ಗುಡುಗುಡು ಎಂದು ಉರುಳಿ ಲಾವಣಿಯ ಏಟಿಗೆ ಹೊರಳಿಬಿಟ್ಟಿತು!

ನಾನು ಹೊರಳಿಸಲಿಲ್ಲ, ದೇವರಾಣೆ. ಕೈ ತಾನಾಗಿಯೇ ಹೋಯಿತು. ವಾರವಿಡೀ ಅದಕ್ಕೆ ಕಲಿಸಿದ್ದೇ ಅದು. ರಫೀಕ್ ತಿರುಗಿ ನೋಡಿದ. ಗಣಪತಿಯ ಎರಡನೇ ನುಡಿಯನ್ನು ನುಂಗಿಕೊಂಡು ಲಾವಣಿ ಹಿಡಿದ. ಕುಡಚಿಯವನು, ಕಾರ್ಯಕ್ರಮ ಬೀಳಗೊಡುವ ಪೈಕಿಯವನಲ್ಲ. ಲಾವಣಿಯ ಒಂದು ನುಡಿ ಆಗುತ್ತಲೇ ಮತ್ತೆ ಗುಡುಗುಡು, ಮುಂದಿನ ಹಾಡು. ಇದು ಬೇಕೆಂದೇ ಮಾಡಿದ ಹೊಸ ಪದ್ಧತಿ ಎಂದು ಜನ ತಿಳಿದರು. ಹುಡುಗರು ಎದ್ದರು, ಬೀಗರ ಹೆಂಗಸರು ಎದ್ದರು, ಠೀವಿಯ ಕುರ್ಚಿಗಳು ಖಾಲಿಯಾದವು. ರಫೀಕ್ ಮಾತ್ರ ಬೆವರುತ್ತ, ನಿಂದರ್ರಿ ಸಾಹೇಬ್ರ, ನಿಂದರ್ರಿ ಎಂದು ಹಾಡಿನ ಧಾಟಿಯಲ್ಲೇ ಬೇಡಿಕೊಳ್ಳುತ್ತಿದ್ದ. ನಿಲ್ಲುವುದು ಹೇಗೆ? ಪೆನ್‌ಡ್ರೈವ್‌ನಲ್ಲಿ ನಿಲ್ಲುವುದನ್ನು ಯಾರೂ ಕಲಿಸಿರಲಿಲ್ಲವಲ್ಲ.

ನಡುವೆ ಶೈಲಾಳ ಸರದಿ ಬಂತು. ಆಗ ಮಾತ್ರ ನಾನು ಹಲ್ಲು ಕಚ್ಚಿ ಕೈ ಬಿಗಿಹಿಡಿದೆ. ಹೊಸ ಇರಕಲ್ ಸೀರೆ ಉಟ್ಟು ಅವಳು ಮೈಕ್ ಹಿಡಿದಳು. ಮೊದಲ ಸಾಲಿಗೇ ಕುಣಿಯುತ್ತಿದ್ದವರು ನಿಂತರು. ಅವಳ ಅಕ್ಕ ಸೆರಗು ಬಾಯಿಗೆ ಹಿಡಿದಳು. ನಾನು ಬೆಣ್ಣೆಯ ಮೇಲೆ ಬೆರಳಾಡಿಸಿದಂತೆ ಬಾರಿಸಿದೆ. ಈ ಸಲ ನಿಲ್ಲಬೇಕು, ಈ ಸಲ ಹೊರಳಬಾರದು ಎಂದು ಜಪ ಮಾಡಿದೆ. ಮೊದಲ ನುಡಿ ಮುಗಿಯಿತು. ಕೈಯನ್ನು ತಡೆದೆ. ಆದರೆ ಕಾಲನ್ನು ಮರೆತಿದ್ದೆ. ಕಾಲು ಧಡ್ ಎಂದಿತು, ಕಾಲನ್ನು ನೋಡಿ ಕೈಯೂ ಹೋಯಿತು. ಗುಡುಗುಡು ಉರುಳಿದ್ದೇ ತಡ, ಹುಡುಗರು ಶಿಳ್ಳೆ ಹಾಕಿ ನಡುವೆ ನುಗ್ಗಿದರು. ಒಬ್ಬ ಶೈಲಾಳ ಸುತ್ತಲೇ ಒಂದು ಸುತ್ತು ಕುಣಿದ. ಅವಳು ಬಾಯಿ ತೆರೆದವಳು ಹಾಗೆಯೇ ಮುಚ್ಚಿ, ಮೈಕನ್ನು ರಫೀಕನ ಕೈಗೆ ಕೊಟ್ಟು ಕೆಳಗಿಳಿದು ಹೋದಳು. ನನ್ನ ಕಡೆ ನೋಡಲಿಲ್ಲ. ನೋಡಿ ಬೈದಿದ್ದರೆ ಎಷ್ಟೋ ಚಲೋ ಇತ್ತು. ಕೈ ಮಾತ್ರ ಮುಂದಿನ ಹಾಡು ಬಾರಿಸುತ್ತಲೇ ಇತ್ತು, ನಾಚಿಕೆಗೆಟ್ಟದ್ದು.

ಒಂದೊಂದೇ ನುಡಿ ಹಾಡಿದರೆ ಹಾಡುಗಳು ಎಷ್ಟು ಹೊತ್ತು ಬಾಳುತ್ತವೆ? ಊಟದತನಕ ನಡೆಯಬೇಕಾದ ಕಾರ್ಯಕ್ರಮ ದೀಪ ಹಚ್ಚುವ ಹೊತ್ತಿಗೇ ಮುಗಿದುಹೋಯಿತು! ಹಿಂದೆ ಒಲೆಯ ಮೇಲೆ ಗೋಧಿ ಹುಗ್ಗಿ ಇನ್ನೂ ಕುದಿಯುತ್ತಿತ್ತು. ಅಕ್ಕ ಓಡಿ ಬಂದು, ಬೀಗರನ್ನು ಹಸಿದ ಹೊಟ್ಟೆಯಲ್ಲಿ ಸುಮ್ಮನೆ ಕೂಡಿಸಿದರೆ ಮಾನ ಉಳಿಯುವುದೇ ಎಂದು ನನಗೂ ರಫೀಕನಿಗೂ ಸೇರಿಸಿ ಝಾಡಿಸಿದಳು. ಮೊದಲಿನಿಂದ ಮತ್ತೆ ಬಾರಿಸಲೇ ಎಂದು ನಾನು ವಿನಯದಿಂದ ಕೇಳಿದೆ. ರಫೀಕ್ ಕೈ ಮುಗಿದ.

ಆಗ ಮೈತುಂಬ ಅರಿಷಿಣ ಹಚ್ಚಿಕೊಂಡು ಕೂತಿದ್ದ ಪೂಜಾಳೇ ಎದ್ದು ನಿಂತಳು. "ಮಾವಶಿ ಹಾಡು ಅರ್ಧಾ ಉಳದೈತಿ. ಅದನ್ನ ಕೇಳದ ನಾ ತವರ ಮನಿ ಬಿಟ್ಟು ಹೋಗಾಂಗಿಲ್ಲ," ಎಂದಳು.

ಶೈಲಾಳನ್ನು ಹುಡುಕಿ ಕರೆತಂದರು. ಅವಳು ನೇರ ನನ್ನ ಬಳಿ ಬಂದಳು. ನಾನು ಎದ್ದು ಕೆಳಗಿಳಿಯಲು ಹೊರಟೆ. ಅವಳು ಸಣ್ಣ ದನಿಯಲ್ಲಿ ಹೇಳಿದಳು:

"ಇಳೀಬ್ಯಾಡ್ರಿ. ಬೀಗ್ರು ಏನರ ತಿಳ್ಕೊಂತಾರ. ಅಲ್ಲೇ ಕುಂದರ್ರಿ. ಕಾಲು ಮ್ಯಾಲ ಮಡಚಿಕೊಳ್ರಿ. ಕೋಲು ಇತ್ತ ಕೊಡ್ರಿ."

ಕೊಟ್ಟೆ. ಒಂದು ಕೈಯಲ್ಲಿ ಮೈಕ್, ಇನ್ನೊಂದರಲ್ಲಿ ನನ್ನ ಎರಡೂ ಕೋಲು ಹಿಡಿದು ಅವಳು ಹಾಡಿದಳು. ರಫೀಕ್ ಹಿಂದಿನಿಂದ ಮೆಲ್ಲಗೆ ಸ್ವರ ಕೊಟ್ಟ. ನಾನು ಡ್ರಮ್ಮುಗಳ ನಡುವೆ, ಸ್ಟೂಲಿನ ಮೇಲೆ ಚಕ್ಕಳಮಕ್ಕಳ ಹಾಕಿ, ಕೈ ತೊಡೆಯ ಮೇಲಿಟ್ಟು, ಪೂಜೆಗೆ ಕೂತ ಸ್ವಾಮಿಗಳ ಹಾಗೆ ಕಣ್ಣು ಮುಚ್ಚಿ ಕೂತೆ. ಮೊದಲ ನುಡಿ ದಾಟಿತು. ಎರಡನೆಯದೂ ದಾಟಿತು. ಮೂರನೇ ನುಡಿಗೆ ಪೂಜಾ ತಾಯಿಯ ಹೆಗಲಿಗೆ ಮುಖ ಒತ್ತಿ ಅಳತೊಡಗಿದಳು. ಶಿಳ್ಳೆ ಹಾಕಿದ ಹುಡುಗರೂ ತಲೆ ತಗ್ಗಿಸಿದರು. ನನ್ನ ಕಣ್ಣಿನಿಂದಲೂ ನೀರು ಇಳಿಯಿತು. ಸಂಸಾರ ಹೂಡಿ ಇಷ್ಟು ವರ್ಷವಾದ ಮೇಲೆ ಹೆಂಡತಿಯ ಹಾಡನ್ನು ನಾನು ಕೊನೆಯತನಕ ಕೇಳಿದ್ದು ಅಂದೇ. ಅವಳು ಹೇಳುತ್ತಿದ್ದುದು ನಿಜ, ಜೀವ ಇದ್ದದ್ದು ಅಲ್ಲೇ. ಚಪ್ಪಾಳೆ ನಿಲ್ಲಲು ಬಹಳ ಹೊತ್ತು ಹಿಡಿಯಿತು, ಅಷ್ಟರಲ್ಲಿ ಹುಗ್ಗಿಯೂ ಇಳಿಯಿತು.

ಊಟದ ಪಂಕ್ತಿಯಲ್ಲಿ ಶೈಲಾ ನನ್ನ ಪಕ್ಕದಲ್ಲೇ ಕೂತಳು, ಆದರೆ ಮುಖ ಆಚೆ ಕಡೆಗಿತ್ತು. ಅಷ್ಟರಲ್ಲಿ ಮದುವೆಯ ಹುಡುಗನ ದೊಡ್ಡಪ್ಪ, ಮಿರಜದ ಕಡೆಯ ಹಿರಿಯರು, ತಲೆಯ ಪಟಕಾ ಸರಿಪಡಿಸಿಕೊಳ್ಳುತ್ತ ನನ್ನ ಎದುರಿಗೇ ಬಂದು ನಿಂತರು. ನಾನು ಕೈಯಲ್ಲಿದ್ದ ತುತ್ತನ್ನು ಎಲೆಯಲ್ಲೇ ಬಿಟ್ಟೆ.

"ಪಾವ್ಣ್ಯಾರ, ಮೊದಲಿನ ಹಾಡಿನ್ಯಾಗ ನಿಮ್ಮ ಬಾರಸೂದು ಸ್ವಲ್ಪ ಜಾಸ್ತಿ ಆತು. ಖರೇ ಹೇಳ್ತೇನಿ, ಸಿಟ್ಟಾಗಬ್ಯಾಡ್ರಿ. ಆದ್ರ ಆ ಕಡೀ ಹಾಡಿಗೆ ಸಾಥ್ ಕೊಟ್ರಲ್ಲ, ಏಕ್ ನಂಬರ್. ಬಾರಸಾಕತ್ತಾರ ಅಂತ ಗೊತ್ತ ಆಗಲಿಲ್ಲ ನೋಡ್ರಿ. ಹಂಗ ಬಾರಸವ್ರು ಈಗ ಯಾರದಾರು?"

ಪಕ್ಕದಲ್ಲಿ ಶೈಲಾಳಿಗೆ ಹುಗ್ಗಿ ನೆತ್ತಿಗೇರಿತು. ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಕೆಮ್ಮತೊಡಗಿದಳು. ಅದು ಕೆಮ್ಮಲ್ಲ, ನಗು ಎಂದು ಅವಳ ಹೆಗಲು ಕುಣಿಯುತ್ತಿದ್ದುದನ್ನು ನೋಡಿಯೇ ನನಗೆ ತಿಳಿಯಿತು, ಹೋದ ಜೀವ ಬಂತು.

ನಾನು ಎಂಜಲು ಕೈಯಲ್ಲೇ ನಮಸ್ಕರಿಸಿ, ಎಲ್ಲಾ ತಮ್ಮಂಥ ಹಿರಿಯರ ಆಶೀರ್ವಾದ ಎಂದೆ. ಹೊಗಳಿಕೆಯನ್ನು ಒಪ್ಪಿಕೊಂಡದ್ದು ತಪ್ಪೆಂದು ನನಗೆ ಈಗಲೂ ಅನಿಸುವುದಿಲ್ಲ. ಇಡೀ ಕಾರ್ಯಕ್ರಮದಲ್ಲಿ ನನ್ನ ತಾಳ ತಪ್ಪದೆ ಇದ್ದದ್ದು ಆ ಒಂದೇ ಹಾಡಿನಲ್ಲಿ.