ಈಜು ಬರುತ್ತದೆ ಎಂದ ಅಳಿಯ

ಸಮುದ್ರಕ್ಕೂ ನನಗೂ ಯಾವ ಜನ್ಮದ ಜಗಳವೋ ಗೊತ್ತಿಲ್ಲ. ಎಂಬತ್ತರ ದಶಕದಲ್ಲಿ ಕ್ಯಾಲಿಫೋರ್ನಿಯಾದಲ್ಲಿದ್ದ ಅಷ್ಟೂ ವರ್ಷ, ನಾನು ಸಮುದ್ರದ ಹತ್ತಿರ ಹೋದಾಗಲೆಲ್ಲ ಏನಾದರೊಂದು ಎಡವಟ್ಟು ಆಗಿಯೇ ತೀರುತ್ತಿತ್ತು. ಜೊತೆಗೆ ಬಂದವರಿಗೆ ಏನೂ ಆಗುತ್ತಿರಲಿಲ್ಲ. ಅವರು ದಡದಲ್ಲಿ ನಿಂತು ಆರಾಮವಾಗಿ ನಗುತ್ತಿದ್ದರು. ಇದಕ್ಕೆಲ್ಲ ಮೂಲ ನಾನು ಮದುವೆಗೆ ಮುಂಚೆ ಹೇಳಿದ ಒಂದೇ ಒಂದು ಸುಳ್ಳು. ಅದನ್ನು ಮೊದಲು ಒಪ್ಪಿಸಿಬಿಡುತ್ತೇನೆ.

೧. ಹೆಣ್ಣು ನೋಡಲು ಹೋದಾಗ

ನಾನು ಮೈಸೂರಿನವನು. ನೀರು ಎಂದರೆ ನನಗೆ ಗೊತ್ತಿದ್ದದ್ದು ಹಂಡೆಯ ನೀರು. ಶ್ರೀರಂಗಪಟ್ಟಣಕ್ಕೆ ಹೋಗಿ ಕಾವೇರಿಯಲ್ಲಿ ಸ್ನಾನ ಮಾಡುವಾಗಲೂ ಮೆಟ್ಟಿಲ ಮೇಲೆ ಭದ್ರವಾಗಿ ಕೂತು ಚೊಂಬಿನಿಂದ ತಲೆಗೆ ಹುಯ್ದುಕೊಳ್ಳುತ್ತಿದ್ದ ಧೀರ. ಇಂಥವನು ಹೆಣ್ಣು ನೋಡಲು ಹೋದದ್ದು ಉಡುಪಿ ಪಕ್ಕದ ಮಲ್ಪೆಗೆ. ಅವರ ಮನೆಯ ಹಿತ್ತಿಲ ಬಾಗಿಲು ತೆಗೆದರೆ ಸಮುದ್ರ.

ಹುಡುಗಿಯ ತಂದೆ ಬ್ಯಾಂಕಿನಲ್ಲಿ ಮ್ಯಾನೇಜರು. ಅವರು ನನ್ನ ಕೆಲಸ ಕೇಳಲಿಲ್ಲ, ಸಂಬಳ ಕೇಳಲಿಲ್ಲ, ಅಮೆರಿಕದ ವೀಸಾ ಕೇಳಲಿಲ್ಲ.

"ಈಜು ಬರ್ತದಾ?" ಎಂದರು.

ಇಲ್ಲ ಎನ್ನಬಹುದಿತ್ತು. ಆದರೆ ಬಾಗಿಲ ಹಿಂದೆ ಹುಡುಗಿ ನಿಂತಿದ್ದಳು. "ಬರುತ್ತದೆ" ಎಂದುಬಿಟ್ಟೆ.

"ಹಾಗಾದ್ರೆ ಆಯ್ತು. ನೀರಿಗೆ ಹೆದರುವ ಗಂಡು ನಮ್ಮ ಮನೆಗೆ ಆಗ್ಲಿಕ್ಕಿಲ್ಲ" ಎಂದವರೇ, ತಾವು ಪ್ರಾಯದಲ್ಲಿ ಮಲ್ಪೆಯಿಂದ ಎದುರಿನ ದ್ವೀಪದವರೆಗೆ ಈಜಿದ ಕಥೆಯನ್ನು ಅರ್ಧ ಗಂಟೆ ಹೇಳಿದರು. ಅಷ್ಟರಲ್ಲಿ ನನ್ನ ಭಾವೀ ಅತ್ತೆಯವರು, ಹೈಸ್ಕೂಲಿನ ಇಂಗ್ಲಿಷ್ ಟೀಚರು, ಸೆರಗನ್ನು ಬಾಯಿಗೆ ಒತ್ತಿಕೊಂಡು ಸರಸರನೆ ಒಳಗೆ ಹೋದರು. ಗಂಡನ ಸಾಹಸ ನೆನೆದು ಗಂಟಲು ಕಟ್ಟಿತೇನೋ ಎಂದುಕೊಂಡೆ.

೨. ಜುಲೈ ತಿಂಗಳ ಸೆಕೆ

ಮದುವೆಯಾಗಿ ಮೂರು ತಿಂಗಳಿಗೆ ಇಬ್ಬರೂ ಹೇವರ್ಡಿನ ಒಂದು ಅಪಾರ್ಟ್‌ಮೆಂಟಿಗೆ ಬಂದಿಳಿದೆವು. ಜುಲೈ ತಿಂಗಳು. ಸಮುದ್ರ ನೋಡದೆ ಹೆಂಡತಿಗೆ ಊಟ ಸೇರುತ್ತಿರಲಿಲ್ಲ. ಭಾನುವಾರ ಹೊರಟೆವು. ಬೀಚು ಎಂದ ಮೇಲೆ ಸೆಕೆ ತಾನೇ? ನಾನು ತೆಳುವಾದ ಅರ್ಧ ತೋಳಿನ ಷರಟು ಹಾಕಿದೆ, ಅವಳು ವಾಯಿಲ್ ಸೀರೆ ಉಟ್ಟಳು. ತಂಪಾಗಿರಲಿ ಎಂದು ತಲೆಗೆ ಹರಳೆಣ್ಣೆ ಬೇರೆ ಹಚ್ಚಿಕೊಂಡೆ.

ಉದ್ದನೆಯ ಸೇತುವೆ ದಾಟಿ, ಗುಡ್ಡ ಹತ್ತಿ ಇಳಿದು, ಹಾಫ್ ಮೂನ್ ಬೇ ಸೇರಿದರೆ ಅಲ್ಲಿ ಸೂರ್ಯನೇ ಇಲ್ಲ. ಬರೀ ಮಂಜು. ಜನ ಕೋಟು, ಟೊಪ್ಪಿ ಹಾಕಿಕೊಂಡು ಓಡಾಡುತ್ತಿದ್ದಾರೆ. ಹೇವರ್ಡಿನಲ್ಲಿ ಬಿಸಿಲು, ಮುಕ್ಕಾಲು ಗಂಟೆ ದೂರದಲ್ಲಿ ಊಟಿ! ಆದರೂ ಗಂಡಸು ಎನಿಸಿಕೊಂಡವನು ಹಿಂದೆ ಸರಿಯಬಾರದು ಎಂದು ನೀರಿನ ಅಂಚಿಗೆ ಹೋದೆ. ಒಂದು ಅಲೆ ಬಂದು ಹೆಬ್ಬೆರಳಿಗೆ ತಾಗಿತು. ಆಮೇಲೆ ನನಗೆ ನೆನಪಿರುವುದು ನಾನು ಪಾರ್ಕಿಂಗ್ ಲಾಟಿನಲ್ಲಿ ಕಾರಿನ ಬಾಗಿಲು ಹಿಡಿದು ನಿಂತದ್ದು.

ಹೆಂಡತಿ ನಿಧಾನವಾಗಿ ನಡೆದುಕೊಂಡು ಬಂದಳು. "ನಿಮಗೆ ಈಜು ಬರುವುದಿಲ್ಲ ಅಲ್ವಾ?"

"ಚಳಿ ಕಣೇ, ಚಳಿಗೆ ಓಡಿದ್ದು."

"ಚಳಿಗೆ ಯಾರೂ ಚಪ್ಪಲಿ ಬಿಟ್ಟು, ಹೆಂಡತಿಯನ್ನೂ ಬಿಟ್ಟು ಓಡುವುದಿಲ್ಲ" ಎಂದಳು. ಪುಣ್ಯಾತ್ಗಿತ್ತಿ, ಅಪ್ಪನಿಗೆ ಮಾತ್ರ ಬರೆಯಲಿಲ್ಲ.

ಅಲ್ಲಿನ ಅಂಗಡಿಯಲ್ಲಿ ಸಮುದ್ರದ ಚಿತ್ರವಿದ್ದ ಎರಡು ದಪ್ಪ ಸ್ವೆಟ್‌ಶರ್ಟ್ ಕೊಂಡು ಹಾಕಿಕೊಂಡು ಮನೆಗೆ ಬಂದೆವು. ಮುಂದಿನ ವಾರ ಕನ್ನಡದವರೊಬ್ಬರ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಹೊಸದು ಎಂದು ಅದನ್ನೇ ಹಾಕಿಕೊಂಡು ಹೋದೆ. ಮನೆಯ ಯಜಮಾನರೂ ಸೇರಿ ಏಳು ಜನ ಅದೇ ಬಣ್ಣದ, ಅದೇ ಚಿತ್ರದ ಸ್ವೆಟ್‌ಶರ್ಟಿನಲ್ಲಿ ಕೂತಿದ್ದರು. ನನ್ನನ್ನು ನೋಡಿ ಸರಿದು ಜಾಗ ಮಾಡಿಕೊಟ್ಟರು.

೩. ಕಾಗೆಗೊಂದು ತುತ್ತು

ಇನ್ನೊಮ್ಮೆ ಬುತ್ತಿ ಕಟ್ಟಿಕೊಂಡು ಹೋದೆವು. ಪುಳಿಯೋಗರೆ, ಮೊಸರನ್ನ, ಮಾವಿನ ಮಿಡಿ ಉಪ್ಪಿನಕಾಯಿ. ಆಗ ಮಗಳಿಗೆ ಎರಡು ವರ್ಷ. ಜಮಖಾನ ಹಾಸಿ ಕೂತೆವು. ನಮ್ಮ ಮನೆಯಲ್ಲಿ ಅಮ್ಮ ಊಟಕ್ಕೆ ಮುಂಚೆ ಕಾಗೆಗೆ ಒಂದು ತುತ್ತು ಇಡುತ್ತಿದ್ದರು. ಆ ದಿನ ನನಗೆ ಎಲ್ಲಿಲ್ಲದ ಭಕ್ತಿ ಬಂತು. ಒಂದು ಹಿಡಿ ಮೊಸರನ್ನ ತೆಗೆದು ಮರಳಿನ ಮೇಲಿಟ್ಟು "ಕಾ... ಕಾ..." ಎಂದೆ.

"ಸುಮ್ಮನಿರಿ, ಇದು ಮೈಸೂರಲ್ಲ" ಎಂದಳು ಹೆಂಡತಿ.

ಊರಿನಲ್ಲಿ ಒಂದು ಕಾಗೆ ಬರಬೇಕಾದರೆ ಅಮ್ಮ ಗಂಟಲು ಹರಿದುಕೊಳ್ಳಬೇಕಿತ್ತು. ಇಲ್ಲಿ ನಾನು ಎರಡನೇ 'ಕಾ' ಮುಗಿಸುವಷ್ಟರಲ್ಲಿ ಆಕಾಶವೇ ಬೆಳ್ಳಗಾಯಿತು. ಕಡಲಹಕ್ಕಿಗಳು! ಒಂದೊಂದೂ ಕೋಳಿಯಷ್ಟು ದಪ್ಪ. ಮೊಸರನ್ನ ಹೋಯಿತು, ಪುಳಿಯೋಗರೆ ಹೋಯಿತು. ಹೆಂಡತಿ ಮಗಳನ್ನು ಎತ್ತಿಕೊಂಡು ಕಾರಿಗೆ ಓಡಿದಳು. ನಾನು ಡಬ್ಬಿಯ ಮುಚ್ಚಳವನ್ನು ಗುರಾಣಿ ಮಾಡಿಕೊಂಡು ಹಿಂದೆ ಹಿಂದೆ ನಡೆದೆ. ದಾರಿಯಲ್ಲಿದ್ದ ಒಬ್ಬರು ನನ್ನ ಫೋಟೋ ತೆಗೆದುಕೊಂಡರು.

ಕೊನೆಗೆ ಉಳಿದದ್ದು ಉಪ್ಪಿನಕಾಯಿ. ಒಂದು ಹಕ್ಕಿ ಅದನ್ನೂ ಕೊಕ್ಕಿನಲ್ಲಿ ಕಚ್ಚಿತು. ತಕ್ಷಣ ಬಿಟ್ಟಿತು. ಬಾಯಿ ತೆರೆದುಕೊಂಡು, ಕತ್ತು ಓರೆ ಮಾಡಿ, ನನ್ನನ್ನೇ ನೋಡಿತು. ಕಾರಿನ ಗಾಜು ಇಳಿಸಿ ಹೆಂಡತಿ ಕೂಗಿದಳು: "ಪಾಪ, ಅದಕ್ಕೆ ನೀರು ಕೊಡಿ!"

೪. ಶನಿವಾರದ ಕ್ಲಾಸು

ಮಗಳಿಗೆ ಐದು ತುಂಬಿದ ವರ್ಷ ಮಾವನವರ ಕಾಗದ ಬಂತು. ಆಗಸ್ಟಿನಲ್ಲಿ ಇಬ್ಬರೂ ಬರುತ್ತಿದ್ದಾರೆ. ಕೊನೆಯ ಸಾಲು: "ಅಳಿಯಂದಿರ ಜೊತೆ ಅಲ್ಲಿನ ಸಮುದ್ರದಲ್ಲಿ ಒಮ್ಮೆ ಈಜುವ ಆಸೆ ಉಂಟು."

ಇನ್ನು ಮೂರೇ ತಿಂಗಳು. ಊರಿನ ಈಜುಕೊಳಕ್ಕೆ ಓಡಿದೆ. ದೊಡ್ಡವರ ಕ್ಲಾಸು ನನ್ನ ಆಫೀಸಿನ ಹೊತ್ತಿಗೇ ಇತ್ತು. ಶನಿವಾರ ಬೆಳಿಗ್ಗೆ ಇದ್ದದ್ದು ಒಂದೇ, ಪುಟ್ಟ ಮಕ್ಕಳದು. ಕಲಿಸುವ ಹುಡುಗಿ, ಕಾಲೇಜು ಓದುವವಳು, ದೊಡ್ಡ ಮನಸ್ಸು ಮಾಡಿ ಸೇರಿಸಿಕೊಂಡಳು. ಹೀಗೆ ಸೊಂಟದಷ್ಟೂ ಇಲ್ಲದ ನೀರಿನಲ್ಲಿ ಎಂಟು ಮಕ್ಕಳು ಮತ್ತು ಒಬ್ಬ ಮೆಕ್ಯಾನಿಕಲ್ ಇಂಜಿನಿಯರು, ಗೋಡೆ ಹಿಡಿದು ಕಾಲು ಬಡಿಯತೊಡಗಿದೆವು. ಮಗಳೂ ಅದೇ ಕ್ಲಾಸು.

ಎರಡನೇ ವಾರಕ್ಕೆ ಮಗಳಿಗೆ ಆಳದ ಕೊಳಕ್ಕೆ ಬಡ್ತಿ ಕೊಟ್ಟರು. ಹೋಗುವಾಗ ನನ್ನ ತಲೆ ಸವರಿ, "ಡೋಂಟ್ ಕ್ರೈ ಅಪ್ಪಾ" ಎಂದಳು.

ಕೊನೆಯಲ್ಲಿ ಎಲ್ಲರಿಗೂ ಒಂದು ಚೀಟಿ ಕೊಟ್ಟರು. ನನ್ನದರಲ್ಲಿ ಹತ್ತು ಅಂಶಗಳ ಪೈಕಿ ಒಂದೇ ಒಂದರ ಎದುರು ಚಿನ್ನದ ಬಣ್ಣದ ನಕ್ಷತ್ರ ಅಂಟಿಸಿತ್ತು: ಮುಖವನ್ನು ನೀರಿನಲ್ಲಿ ಮುಳುಗಿಸುತ್ತಾನೆ. ಹೆಂಡತಿ ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಹೊರಟಳು. ಕೈಮುಗಿದು ಬೇಡಿಕೊಂಡೆ.

೫. ಹುಣ್ಣಿಮೆಯ ಕಾಯಿ

ಮಾವನವರು ಬಂದರು. ಬಂದ ವಾರವೇ ಶ್ರಾವಣದ ಹುಣ್ಣಿಮೆ. ಆ ದಿನ ಕರಾವಳಿಯಲ್ಲಿ ಮೀನುಗಾರರು ಸಮುದ್ರಕ್ಕೆ ಹಾಲು ಎರೆದು, ತೆಂಗಿನಕಾಯಿ ಬಿಟ್ಟು ಪೂಜೆ ಮಾಡುತ್ತಾರೆ. ಮ್ಯಾನೇಜರು ಎಂಬ ಗೌರವಕ್ಕೆ ಮಾವನವರನ್ನೂ ಪ್ರತಿವರ್ಷ ಕರೆಯುತ್ತಿದ್ದರಂತೆ. "ಒಂದು ವರ್ಷವೂ ತಪ್ಪಿಸಿದ್ದಿಲ್ಲ. ಸಮುದ್ರ ಎಲ್ಲಿದ್ರೂ ಸಮುದ್ರವೇ" ಎಂದರು.

ಗ್ರೋಸರಿಯಲ್ಲಿ ಸಿಕ್ಕಿದ್ದು ಜುಟ್ಟಿಲ್ಲದ ಸಣ್ಣ ಕಾಯಿ. ಹಾಲು, ಕುಂಕುಮ, ಕಾಯಿ ಹಿಡಿದು ಐದೂ ಜನ ಹಾಫ್ ಮೂನ್ ಬೇಗೆ ಹೋದೆವು. ಮಾವನವರು ಪಂಚೆಯ ಮೇಲೆ ನನ್ನ ಸ್ವೆಟ್‌ಶರ್ಟ್ ಹಾಕಿಕೊಂಡು, ಮಂತ್ರ ಹೇಳಿ, ಹಾಲು ಎರೆದು, ಕಾಯಿಯನ್ನು ಬೀಸಿ ಎಸೆದರು. ಎಲ್ಲರೂ ಕೈಮುಗಿದೆವು.

ಕಣ್ಣು ಬಿಟ್ಟರೆ ಕಾಯಿ ಮಾವನವರ ಕಾಲ ಬುಡದಲ್ಲಿತ್ತು. ಪಕ್ಕದಲ್ಲಿ ಕರುವಿನಷ್ಟು ದೊಡ್ಡ ನಾಯಿಯೊಂದು ಬಾಲ ಅಲ್ಲಾಡಿಸುತ್ತಿತ್ತು.

ಮತ್ತೆ ಎಸೆದರು. ಮತ್ತೆ ತಂದಿತು. ಮೂರನೇ ಸಲವೂ ತಂದಿತು. ನಾಯಿಯ ಯಜಮಾನ, ಬಿಳಿ ಗಡ್ಡದ ಮುದುಕ, ನಮ್ಮದು ಆಟ ಎಂದುಕೊಂಡು ಹೆಮ್ಮೆಯಿಂದ ಹೇಳಿದ: "ಎಷ್ಟು ದೂರ ಎಸೆದರೂ ತರುತ್ತಾನೆ. ಇನ್ನೂ ಜೋರಾಗಿ ಎಸೆಯಿರಿ!"

ಮಾವನವರ ಮುಖ ಗಂಭೀರವಾಯಿತು. "ಕೊಟ್ಟ ಕಾಯಿ ಹಿಂದೆ ಬರ್ಬಾರ್ದು. ಅಳಿಯಂದಿರೇ, ನನಗೆ ಮಂಡಿನೋವು. ನಿಮಗೆ ಹೇಗೂ ಈಜು ಬರ್ತದಲ್ಲ, ಆ ಅಲೆಯ ಆಚೆ ಬಿಟ್ಟು ಬನ್ನಿ."

"ಅಪ್ಪಾ, ನೀರು ತುಂಬಾ ತಣ್ಣಗೆ ಉಂಟು" ಎಂದಳು ಹೆಂಡತಿ.

"ಗಂಡಸರಿಗೆ ಎಂತ ತಣ್ಣಗೆ?"

ಎಂಟು ವರ್ಷದ ಮರ್ಯಾದೆ ನನ್ನ ಕೈಯಲ್ಲಿತ್ತು, ಕಾಯಿಯ ರೂಪದಲ್ಲಿ. ಮನೆದೇವರನ್ನು ನೆನೆದು ನೀರಿಗಿಳಿದೆ. ಪಾದ, ಮೊಣಕಾಲು, ಅಷ್ಟೇ. ಅಲೆಯೊಂದು ಬಂದು ನನ್ನನ್ನು ಮಗುಚಿ ಹಾಕಿತು. ಕ್ಲಾಸಿನಲ್ಲಿ ಕಲಿತದ್ದನ್ನು ಚೆನ್ನಾಗಿಯೇ ಮಾಡಿದೆ. ಮುಖ ಮುಳುಗಿಸಿದೆ. ತಲೆ ಎತ್ತಿ "ಅಯ್ಯೋ ಅಮ್ಮಾ" ಎಂದು ಕಿರುಚಿದೆ. ನಾಯಿ ಈಜಿಕೊಂಡು ಬಂತು. ಒಮ್ಮೆ ನನ್ನನ್ನು ನೋಡಿತು. ಒಮ್ಮೆ ತೇಲುತ್ತಿದ್ದ ಕಾಯಿಯನ್ನು ನೋಡಿತು. ಕಾಯಿ ಕಚ್ಚಿಕೊಂಡು ಹೋಯಿತು.

ಆ ಮುದುಕ ಬೂಟು ಸಮೇತ ಬಂದು ನನ್ನ ಕಾಲರು ಹಿಡಿದು ಎತ್ತಿದ. ಎದ್ದು ನಿಂತರೆ ನೀರು ಮೊಣಕಾಲಿಗಿತ್ತು.

ಹೆಂಗಸರಿಬ್ಬರೂ ಪೂಜೆಯ ಸಾಮಾನು ಎತ್ತಿಡುತ್ತಿದ್ದರು. ಮಾವನವರು ನನ್ನನ್ನು ಕಾರಿನಲ್ಲಿ ಕೂರಿಸಿ, ಶಾಲು ಹೊದಿಸಿ, ಪಕ್ಕದಲ್ಲಿ ಕೂತರು. ಹಿಂದಿನ ಸೀಟಿನಲ್ಲಿ ಮಗಳು ಕಾಯಿ ಹಿಡಿದು ಆಡುತ್ತಿದ್ದಳು. ನಾನು ಹೀಟರು ಹಾಕಿ, ನಡುಗುತ್ತಾ ಹೇಳಿಬಿಟ್ಟೆ: "ಮಾವ, ನನಗೆ ಈಜು ಬರೋದಿಲ್ಲ. ಆವತ್ತು ನಿಮಗೆ ಸುಳ್ಳು ಹೇಳಿದೆ."

ಮಾವನವರು ಹೆಂಗಸರು ಎಲ್ಲಿದ್ದಾರೆಂದು ಕಿಟಕಿಯಿಂದ ನೋಡಿದರು. ಆಮೇಲೆ ದನಿ ತಗ್ಗಿಸಿದರು. "ನನಗೂ ಬರುವುದಿಲ್ಲ ಮಾರಾಯ್ರೇ. ನನ್ನ ಮಾವ ಹೆಣ್ಣು ಕೊಡುವಾಗ ಇದನ್ನೇ ಕೇಳಿದ್ರು. ನಾನೂ ಬರ್ತದೆ ಅಂದೆ. ದ್ವೀಪಕ್ಕೆ ಹೋದದ್ದು ದೋಣಿಯಲ್ಲಿ. ನಮ್ಮವಳಿಗೆ ಮಾತ್ರ ಹೇಳ್ಬೇಡಿ. ಮೂವತ್ತೈದು ವರ್ಷದಿಂದ ನಂಬಿದ್ದಾಳೆ."

ನನಗೆ ಚಳಿಯೇ ಬಿಟ್ಟುಹೋಯಿತು. ಅಷ್ಟು ಪ್ರೀತಿ ಅವರ ಮೇಲೆ ಹಿಂದೆಂದೂ ಬಂದಿರಲಿಲ್ಲ. "ನನ್ನಾಣೆ, ಹೇಳೋದಿಲ್ಲ" ಎಂದೆ.

ಅಷ್ಟರಲ್ಲಿ ಹೆಂಡತಿ, ಅತ್ತೆಯವರು ಬಂದು ಬಾಗಿಲು ತೆರೆದರು. ಕನ್ನಡದಲ್ಲಿ ಒಂದು ವಾಕ್ಯವನ್ನೂ ಪೂರ್ತಿ ಆಡದ ನನ್ನ ಮಗಳಿಗೆ ಕನ್ನಡ ಎಲ್ಲವೂ ಅರ್ಥವಾಗುತ್ತದೆ ಎಂಬುದನ್ನು ನಾವಿಬ್ಬರೂ ಮರೆತಿದ್ದೆವು.

"ಅಮ್ಮಾ! ಅಜ್ಜ ಕಾಂಟ್ ಸ್ವಿಮ್ ಈದರ್! ಹಿ ಕ್ಯಾನ್ ಕಮ್ ಟು ಅಪ್ಪಾಸ್ ಕ್ಲಾಸ್!"

ಅತ್ತೆಯವರು ನಿಧಾನವಾಗಿ ಒಳಗೆ ಕೂತು, ಸೆರಗು ಸರಿಮಾಡಿಕೊಂಡು, ಮೊಮ್ಮಗಳ ಕೈಯಿಂದ ಕಾಯಿ ತೆಗೆದುಕೊಂಡರು.

"ಗೊತ್ತುಂಟು ಮಗಾ. ಮದುವೆಯಾದ ತಿಂಗಳೇ ಗೊತ್ತಾಗಿತ್ತು" ಎಂದರು. "ನನ್ನ ಅಪ್ಪನಿಗೆ ಹೇಳಲಿಲ್ಲ, ಅಷ್ಟೆ."