ಚಕ್ಕಳಮಕ್ಕಳ ಕೂರುವ ಕಾಲು

ನಮ್ಮ ಚಿಕ್ಕಮ್ಮನ ಎದುರು ನೀವು ಒಮ್ಮೆ ನಡೆದುಹೋದರೆ ಸಾಕು, ಮುಗಿಯಿತು ನಿಮ್ಮ ಕಥೆ! ನಿಮ್ಮ ಹೆಸರನ್ನು ನಾಳೆಯೇ ಮರೆತಾರು, ನಡಿಗೆಯನ್ನು ಮಾತ್ರ ಈ ಜನ್ಮದಲ್ಲಿ ಮರೆಯುವುದಿಲ್ಲ. ಕುಣಿಗಲ್‌ನಿಂದ ನನ್ನನ್ನು ನೋಡಲು ಗಂಡಿನ ಕಡೆಯವರು ಬಂದಾಗ, ಮನೆಯವರೆಲ್ಲ ಹುಡುಗನ ಕೆಲಸ, ಬಣ್ಣ ನೋಡುತ್ತಿದ್ದರೆ ಇವರು ನನ್ನ ಕಿವಿಯಲ್ಲಿ ಉಸುರಿದ್ದು ಇಷ್ಟು: "ಎಡಗಾಲು ಕಾಲಿಂಚು ಗಿಡ್ಡ ಕಣೇ. ಶೂ ಒಳಗೆ ಒಂದು ಪ್ಯಾಡ್ ಇಟ್ರೆ ಸರಿಹೋಗುತ್ತೆ, ಒಪ್ಕೊ." ಒಪ್ಪಿಕೊಂಡೆ. ಪ್ಯಾಡೂ ಇದೆ, ಗಂಡನೂ ಇದ್ದಾರೆ!

ಇದು ಬರೀ ಖಯಾಲಿ ಅಂದುಕೊಳ್ಳಬೇಡಿ. ಕೃತಕ ಕಾಲು ಮಾಡುವುದೇ ಅವರ ಕಸುಬು. ಶಿರಾ ಗೇಟ್ ಹತ್ತಿರ ಪುಟ್ಟ ವರ್ಕ್‌ಶಾಪ್.

ಒಮ್ಮೆ ಗುಬ್ಬಿ ಕಡೆಯ ಹಾಗಲವಾಡಿಯಿಂದ ಒಬ್ಬ ಅಜ್ಜಿ ಬಂದರು. ಅಪಘಾತದಲ್ಲಿ ಬಲಗಾಲು ಅರ್ಧ ತೊಡೆಯವರೆಗೂ ಹೋಗಿತ್ತು. ಬೇರೆಲ್ಲೋ ಮಾಡಿಸಿದ್ದ ಕೃತಕ ಕಾಲು ಅಟ್ಟ ಸೇರಿತ್ತಂತೆ.

"ಯಾಕಮ್ಮ, ನಡೆಯೋಕಾಗಲ್ವಾ?"

"ನಡೀಬೋದು ಕಣವ್ವ. ನೆಲದ ಮ್ಯಾಲೆ ಚಕ್ಳಮಕ್ಳ ಆಕ್ಕಂಡು ಕೂರಕ್ಕಾಗಕಿಲ್ಲ. ಕೊರಡಿನಂಗೆ ಮುಂದಕ್ಕೆ ಚಾಚ್ಕಂಡಿರ್ತದೆ. ನೀನು ಮಾಡೋದೂ ಅಂಗೇ ಆದ್ರೆ ಅದ್ನೂ ಅಟ್ಟಕ್ಕೇ ಆಕ್ತೀನಿ ಬುಡು."

ಬಂತಲ್ಲ ಸವಾಲು! ಮೊಣಕಾಲು ಹಿಂದಕ್ಕೆ ಮಡಚಿದರೆ ಸಾಲದು, ಚಕ್ಕಳಮಕ್ಕಳಕ್ಕೆ ಅದು ಒಳಕ್ಕೂ ತಿರುಗಬೇಕು. ಆದರೆ ನಿಂತಾಗ ತಿರುಗಲೇಕೂಡದು! ನಾವು ನೀವು ಇದನ್ನು ಯೋಚಿಸದೆಯೇ ಮಾಡುತ್ತೇವೆ. ಚಿಕ್ಕಮ್ಮ ಮೂರು ವಾರ ಯೋಚಿಸಿದರು. ಶೆಟ್ಟಿಹಳ್ಳಿಯ ಮನೆಯ ತಾರಸಿ ಮೇಲೆ, ತಮ್ಮದೇ ಬಲಗಾಲನ್ನು ಹಿಂದಕ್ಕೆ ಮಡಚಿ ಬೆಲ್ಟಿನಿಂದ ಕಟ್ಟಿ, ಮಂಡಿಗೆ ಕೃತಕ ಕಾಲು ಸಿಕ್ಕಿಸಿಕೊಂಡು ಓಡಾಡಿದರು.

"ಏನ್ರೀ, ಹರಕೇನಾ?" ಎಂದರು ಪಕ್ಕದ ಮನೆಯಾಕೆ.

"ಹೂಂ ಕಣ್ರೀ" ಎನ್ನುತ್ತಲೇ ಚಿಕ್ಕಮ್ಮ ಬಟ್ಟೆ ಒಣಹಾಕುವ ಹಗ್ಗದ ಸಮೇತ ಬಿದ್ದರು!

ಕೊನೆಗೆ ಮೊಣಕಾಲಿನ ಮೇಲ್ಗಡೆ ತಿರುಗುವ ಬಳೆಯೊಂದನ್ನು ಕೂರಿಸಿದರು. ಗುಂಡಿ ಒತ್ತಿದರೆ ತಿರುಗುತ್ತದೆ, ನೇರಕ್ಕೆ ತಂದರೆ ಬಿಗಿಯುತ್ತದೆ. ಅಜ್ಜಿ ಕೂತರು. ಚೆನ್ನಾಗಿಯೇ ಕೂತರು! ಏಳುವಾಗ ಮಾತ್ರ ಬಳೆ ಪೂರ್ತಿ ಬಿಗಿದಿರಲಿಲ್ಲ. ಕಾಲು ತಿರುಗಿ, ಅಜ್ಜಿ ಚಿಕ್ಕಮ್ಮನ ಮೇಲೆಯೇ ಬಿದ್ದರು.

"ನಂಗೇ ಗ್ಯಾನ ಸಾಲ್ದು ಕಣವ್ವ" ಎಂದು ಕಣ್ಣೊರೆಸಿಕೊಂಡರು ಅಜ್ಜಿ.

"ತಪ್ಪು ನಿಮ್ದಲ್ಲಮ್ಮ, ನಂದು. ಬಿಗೀತೋ ಇಲ್ವೋ ಅಂತ ಈ ಕಾಲು ನಿಮ್ಗೆ ಹೇಳ್ಬೇಕಿತ್ತು" ಎಂದರು ಚಿಕ್ಕಮ್ಮ, ಬಿದ್ದಲ್ಲಿಂದಲೇ.

ಇಬ್ಬರನ್ನೂ ಎಬ್ಬಿಸಲು ಹೋದ ನಾನು ಅಲ್ಲೇ ನಿಂತೆ. ನಿಜ ತಾನೇ? ಪಾದ ನೆಲಕ್ಕೆ ತಾಗಿದ್ದನ್ನು ನಮಗೆ ಯಾರು ಹೇಳುತ್ತಾರೆ? ನಮ್ಮ ಕಾಲೇ ಹೇಳುತ್ತದೆ! ಲೋಹ ಹೇಗೆ ಹೇಳಬೇಕು? ಚಿಕ್ಕಮ್ಮ ಒಳಗಿನ ಸ್ಪ್ರಿಂಗ್ ಬದಲಿಸಿ, ಬಳೆ ಬಿಗಿದೊಡನೆ ಜೋರಾಗಿ "ಟಕ್" ಎನ್ನುವಂತೆ ಮಾಡಿದರು. ಕಾಲಿಗೆ ತಿಳಿಯದ್ದು ಕಿವಿಗೆ ತಿಳಿಯಲಿ ಅಂತ!

ಮುಂದಿನ ವಾರ ಅಜ್ಜಿಯ ಜೊತೆ ಸೊಸೆಯೂ ಐದು ತಿಂಗಳ ಮೊಮ್ಮಗಳೂ ಬಂದರು. ಅಜ್ಜಿ ಕೂತರು, ಎದ್ದರು, ಟಕ್! ಮತ್ತೆ ಕೂತರು, ಎದ್ದರು, ಟಕ್! ಹತ್ತು ಸಲ ಮಾಡಿಸಲೇಬೇಕೆಂದು ಚಿಕ್ಕಮ್ಮ ಎಣಿಸುತ್ತಿದ್ದರು. ಏಳನೆಯ ಸಲ ಕೂತ ಅಜ್ಜಿ ಸೊಸೆಯ ಕಡೆ ಕೈ ಚಾಚಿದರು.

"ಕೊಡೇ ಇತ್ಲಾಗೆ."

ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಚಿಕ್ಕಮ್ಮನತ್ತ ನೋಡಿದರು.

"ಉಟ್ದಾಗಿಂದ ಈ ಕೂಸ್ನ ಮಡ್ಲಲ್ಲಿ ಆಕ್ಕಂಡಿರ್ಲಿಲ್ಲ ಕಣವ್ವ. ಮಡ್ಲೇ ಇರ್ಲಿಲ್ವಲ್ಲ ನಂಗೆ."

ಮಗು ಅಲ್ಲೇ ನಿದ್ದೆ ಹೋಯಿತು. ಇನ್ನೂ ಮೂರು ಸಲ ಬಾಕಿಯಿತ್ತು. ಏಳಲು ಹೊರಟ ಅಜ್ಜಿಯ ಹೆಗಲ ಮೇಲೆ ಚಿಕ್ಕಮ್ಮ ಮೆಲ್ಲಗೆ ಕೈಯಿಟ್ಟರು.

"ಏಳ್ಬೇಡಿ. ಮಗು ಎದ್ಮೇಲೆ ನೋಡೋಣ" ಎಂದು ಪಿಸುಗುಟ್ಟಿ, ಎಣಿಕೆ ಬಿಟ್ಟು, ಅಜ್ಜಿಯ ಪಕ್ಕದಲ್ಲೇ ನೆಲದ ಮೇಲೆ ಕೂತುಬಿಟ್ಟರು.