ಬೊಂಡಾಸಿನ ಹೃದಯಗಳ ಬಗ್ಗೆ ಶಾಲೆಯ ಅಧಿಕೃತ ನಿಲುವು

ಒಕಿನೊಹಾಮಾ ಮಾಧ್ಯಮಿಕ ಶಾಲೆಯಲ್ಲಿ ಕಳೆದ ಜೂನ್‌ನಲ್ಲಿ ನಡೆದ ಬೊಂಡಾಸ್ (ಸ್ಕ್ವಿಡ್) ಮೀನಿನ ಛೇದನ ಪಾಠವು ಯಾವುದೇ ಅವಘಡವಿಲ್ಲದೆ ಮುಗಿಯಿತೆಂದು ಉಪಮುಖ್ಯೋಪಾಧ್ಯಾಯನಾದ ನಾನು ಈ ಮೂಲಕ ದೃಢೀಕರಿಸುತ್ತೇನೆ. ಒಬ್ಬ ವಿದ್ಯಾರ್ಥಿಯೂ ಬೆರಳು ಕುಯ್ದುಕೊಳ್ಳಲಿಲ್ಲ. ಬೊಂಡಾಸನ್ನೂ ಯಾರೂ ಕುಯ್ಯಲಿಲ್ಲ ಎಂಬುದು ಬೇರೆ ಮಾತು.

ವಿಜ್ಞಾನದ ನಿಶಿಗಾಕಿ ಮೇಡಂ ಹೊಸಬರು, ಹುರುಪಿನವರು. ಬೊಂಡಾಸಿಗೆ ಮೂರು ಹೃದಯ ಎಂದು ಹೇಳಿ ಸುಮ್ಮನಾಗಿದ್ದರೆ ಆಗುತ್ತಿತ್ತು. "ನನ್ನ ಮಾತು ನಂಬಬೇಡಿ, ಕೊಯ್ದು ನೀವೇ ಎಣಿಸಿ" ಅಂದುಬಿಟ್ಟರು. ಮಕ್ಕಳಿಗೆ ಹುಚ್ಚೇ ಹಿಡಿಯಿತು. ಎಂಟು ಗುಂಪಿಗೆ ಎಂಟು ಬೊಂಡಾಸ್ ಬಂದರಿನಿಂದ ತಾಜಾ ಬಂದವು.

ನಾನು ಕ್ರಮದಂತೆ ವಿಚಾರಿಸಿದೆ. "ಪಾಠ ಆದ್ಮೇಲೆ ಇವನ್ನ ಏನ್ಮಾಡ್ತೀರಿ ಮೇಡಂ?"

"ಸೋಯಾ ಸಾಸ್ ಸವರಿ, ಸುಟ್ಕೊಂಡು ತಿಂತೀವಿ ಸಾರ್. ಬಿಸಾಕೋದು ಪಾಪ ಅಲ್ವಾ?"

ಅಲ್ಲೇ ಎಡವಟ್ಟಾಯಿತು. ತಿನ್ನದಿದ್ದರೆ ಅದು ಬೋಧನಾ ಸಾಮಗ್ರಿ. ತಿಂದರೆ ಶಾಲಾ ಊಟ. ಶಾಲಾ ಊಟವನ್ನು ಮಕ್ಕಳಿಗಿಂತ ಮೊದಲು ಮುಖ್ಯೋಪಾಧ್ಯಾಯರು ಉಂಡು, ಅರ್ಧ ಗಂಟೆ ಬದುಕಿ ತೋರಿಸಬೇಕೆಂಬುದು ನಮ್ಮಲ್ಲಿ ಕಟ್ಟುನಿಟ್ಟು.

ಮುಖ್ಯೋಪಾಧ್ಯಾಯ ಕುಸಾನೊ ಅವರು ಕೊರಳಿಗೆ ಟವೆಲ್ ಕಟ್ಟಿಕೊಂಡು ಕೂತರು. ಮೊದಲನೆಯದನ್ನು ಸುಡಿಸಿ ತಿಂದರು, ಬದುಕಿದರು. ಮೇಡಂ ಉಳಿದ ಏಳನ್ನು ಎತ್ತಿಕೊಂಡು ಹೊರಟರೆ ತಡೆದರು.

"ಎಲ್ಲಿಗೆ ಹೊರಟ್ರಿ? ಒಂದು ಚೆನ್ನಾಗಿದೆ ಅಂತ ಪಕ್ಕದ್ದೂ ಚೆನ್ನಾಗಿರತ್ತಾ? ನಮ್ಮ ಸ್ಟಾಫ್ ರೂಮನ್ನೇ ನೋಡಿ."

"ಒಂದೊಂದು ಚೂರು ತಿಂದ್ರೆ ಸಾಲದಾ ಸಾರ್?"

"ಮಕ್ಕಳ ಪ್ರಾಣದ ವಿಷಯದಲ್ಲಿ ಜಿಪುಣತನ ಮಾಡಬಾರದು ಮೇಡಂ. ಸ್ವಲ್ಪ ಶುಂಠಿ ತುರಿದು ಕೊಡಿ."

ಎಂಟೂ ಸುರಕ್ಷಿತವೆಂದು ಸಾಬೀತಾದವು. ಖಾಲಿ ತಟ್ಟೆಗಳನ್ನು ಪ್ರಯೋಗಶಾಲೆಗೆ ಕಳಿಸಲಾಯಿತು. ಮಕ್ಕಳು ಅವನ್ನು ಸೂಕ್ಷ್ಮವಾಗಿ ಪರಿಶೀಲಿಸಿ ತೊಳೆದಿಟ್ಟರು.

ಮೇಡಂ ಹಟ ಬಿಡದೆ ಸ್ವಂತ ದುಡ್ಡಿನಲ್ಲಿ ಮತ್ತೆ ಬೊಂಡಾಸ್ ತಂದರು. ಬೇಡವೆಂದವರು ಯಾರು? ಆದರೆ ರುಚಿ ನೋಡದ್ದನ್ನು ಕೊಯ್ಯುವಂತಿಲ್ಲ, ರುಚಿ ನೋಡಿದ್ದು ಉಳಿಯುವುದಿಲ್ಲ. ಈ ಸಲ ಶಿಕ್ಷಣ ಮಂಡಳಿಯ ಸದಸ್ಯರೂ ವೀಕ್ಷಣೆಗೆಂದು ಹಸಿದುಕೊಂಡು ಬಂದಿದ್ದರು. ಇಷ್ಟು ಸುರಕ್ಷಿತವಾದ ಪಾಠವನ್ನು ಎಲ್ಲೂ ಕಂಡಿಲ್ಲವೆಂದು ಹಲ್ಲುಕಡ್ಡಿ ಆಡಿಸುತ್ತ ಶ್ಲಾಘಿಸಿದರು.

ಚಿನಾತ್ಸು ಎಂಬ ಹುಡುಗಿ ಮಾತ್ರ ಮುಖ್ಯೋಪಾಧ್ಯಾಯರ ಎದುರು ಹೋಗಿ ನಿಂತಳು. "ಸಾರ್, ಹೃದಯ ಮೂರಿದ್ವಾ?"

"ಸುಳ್ಳು ಯಾಕೆ ಹೇಳ್ಲಿ, ಇಷ್ಟು ತಿಂದೆ, ಒಂದೂ ಸಿಕ್ಕಲಿಲ್ಲ."

"ಮೇಡಂ ಮೂರು ಅಂದ್ರಲ್ಲ?"

"ಅವರ ಮಾತು ನಂಬಬೇಡಿ ಅಂತ ಅವರೇ ಹೇಳಿದಾರಲ್ಲಮ್ಮ."

ಪ್ರತ್ಯಕ್ಷ ಅನುಭವಕ್ಕಿಂತ ದೊಡ್ಡ ಪ್ರಮಾಣವಿಲ್ಲವಾದ್ದರಿಂದ, ಬೊಂಡಾಸಿಗೆ ಹೃದಯವಿಲ್ಲವೆಂದು ಶಾಲೆ ನಿರ್ಣಯಿಸಿತು. ಪರೀಕ್ಷೆಯಲ್ಲಿ ಚಿನಾತ್ಸು ಮೂರು ಎಂದೇ ಬರೆದಳು. ಆ ಅಂಕವನ್ನು ಮೇಡಂ ಕೈಯಿಂದಲೇ ಕಳೆಯಿಸಲಾಯಿತು. ಅವರು ಅತ್ತರು. ನನಗೂ ಸಂಕಟವಾಯಿತು, ಆದರೆ ಸಂಕಟಪಡಲು ನನ್ನ ಹುದ್ದೆಯಲ್ಲಿ ಅವಕಾಶವಿಲ್ಲ.

ಆ ಅಂಕ ಹೋಗಿ ಹುಡುಗಿ ನಪಾಸಾದ್ದರಿಂದ ನಡೆದ ಮರುಪರೀಕ್ಷೆಯ ದಿನ ನಾನು ಬಾಗಿಲಲ್ಲಿದ್ದೆ. ಚಿನಾತ್ಸು ಮೇಡಂ ಹತ್ತಿರ ಬಂದಳು.

"ಮೇಡಂ, ಹೃದಯ ಎಷ್ಟು?"

"ತಿಳ್ಕೊಳ್ಳೋಕಾ, ಪಾಸಾಗೋಕಾ?"

ಹುಡುಗಿ ಬಾಗಿಲಲ್ಲಿದ್ದ ನನ್ನತ್ತ ಒಮ್ಮೆ ನೋಡಿದಳು. "ಪಾಸಾಗೋಕೆ."

"ಒಂದೂ ಇಲ್ಲ."

ಹಾಗೆಯೇ ಬರೆದಳು. ಮೇಡಂ ಕೆಂಪು ಶಾಯಿಯಲ್ಲಿ ಸರಿ ಎಂದು ಸುತ್ತು ಹಾಕಿದರು. ಇಡೀ ತರಗತಿ ಉತ್ತೀರ್ಣವಾಯಿತು.